ತೂಕದಕ್ಕನ ಕೈ ಮತ್ತು ಹದಿನೆಂಟು ಮಣಕಗಳು

ಎಮ್ಮೆ ಸಂಶೋಧನಾ ಕೇಂದ್ರದ ದಾಣಿ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ತೂಗುತ್ತಿದ್ದ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಸಂಬಳದ ಚೀಟಿ ಬಿಟ್ಟರೆ ಬೇರೆಲ್ಲೂ ಅದು ಬಳಕೆಯಲ್ಲಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ತೂಕದಕ್ಕ. ಜೋಳದ ನುಚ್ಚು, ಹಿಂಡಿ, ತೌಡು ಬೆರೆಸಿದ ದಾಣಿಯನ್ನು ಅವಳು ತೂಗುವುದನ್ನು ನೋಡಬೇಕು. ಗಾಳಿಯಾಡದಂತೆ ಕಿಟಕಿ ಮುಚ್ಚಿ, ತೋಳು ಮಡಚಿ, ಉಸಿರು ಬಿಗಿಹಿಡಿದು ಯಂತ್ರದ ಮುಂದೆ ನಿಲ್ಲುವಳು. ಕೆಂಪು ಅಂಕಿ ಎರಡು ಗ್ರಾಂ ಹೆಚ್ಚು ತೋರಿಸಿದರೆ ಒಂದು ಚಿಟಿಕೆ ತೆಗೆಯುವಳು. ತೆಗೆದದ್ದು ಜಾಸ್ತಿಯಾಯಿತೆಂದು ಅದರಲ್ಲಿ ಅರ್ಧ ಮತ್ತೆ ಹಾಕುವಳು. ಬೇರೆಯವರಾಗಿದ್ದರೆ ಅಷ್ಟು ಹೊತ್ತಿನಲ್ಲಿ ಎಮ್ಮೆ ತಿಂದು ಮೆಲುಕು ಹಾಕಿ ಮಲಗಿರುತ್ತಿತ್ತು.

ಮನೆಯಲ್ಲೂ ಅದೇ ಕೈ. ಅವಳ ಗಂಡ ದರ್ಜಿ. ಕಡ್ಡಿಯ ಹಾಗಿದ್ದ ಮನುಷ್ಯ. ಮುಂಬಾಗಿಲ ಪಕ್ಕದಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡು ಊರವರ ಹೊಟ್ಟೆಯ ಸುತ್ತಳತೆ ತೆಗೆದು ತೆಗೆದು ಅವನಿಗೆ ತನ್ನ ಹೊಟ್ಟೆಯ ಬಗ್ಗೆ ಕೊರಗು ಹತ್ತಿತ್ತು. "ಇನ್ನೊಂದು ಸೌಟು ಹಾಕೇ" ಎಂದು ತಟ್ಟೆ ಮುಂದೆ ಮಾಡಿದರೆ, "ಕೂತು ಕೆಲಸ ಮಾಡೋರಿಗೆ ಅಷ್ಟು ಸಾಕು ಕಣ್ರೀ" ಎಂದು ಪಾತ್ರೆ ಮುಚ್ಚಿಬಿಡುವಳು. ಜಪ್ಪಯ್ಯ ಎಂದರೂ ಆ ಮುಚ್ಚಳ ಮತ್ತೆ ತೆರೆಯುತ್ತಿರಲಿಲ್ಲ.

ಇಂಥ ಕೈಯನ್ನೇ ಹುಡುಕಿಕೊಂಡು ಡಾಕ್ಟರಮ್ಮ ಬಂದಿದ್ದಳು. ಮೂವತ್ತು ದಾಟದ ಪಶುವೈದ್ಯೆ, ದೊಡ್ಡ ಪದವಿಗಾಗಿ ಪ್ರಯೋಗ ಹೂಡಿದ್ದಳು. ಎಮ್ಮೆಗಳು ಬೆದೆಗೆ ಬರುವುದು ತಡ, ಗಬ್ಬವಾಗುವುದು ಇನ್ನೂ ತಡ. ಎಳವೆಯಲ್ಲೇ ಎಷ್ಟು ಶಕ್ತಿಯ ಆಹಾರ ಕೊಟ್ಟರೆ ಮಣಕಗಳು, ಅಂದರೆ ಇನ್ನೂ ಈಯದ ಎಳೆ ಎಮ್ಮೆಗಳು, ಬೇಗ ಮೈ ತುಂಬಿಕೊಳ್ಳುತ್ತವೆ, ಎಷ್ಟಕ್ಕಿಂತ ಹೆಚ್ಚು ಕೊಟ್ಟರೆ ಬರೀ ಕೊಬ್ಬು ಬೆಳೆಯುತ್ತದೆ ಎಂಬುದು ಅವಳ ಪ್ರಶ್ನೆ. ಅದಕ್ಕೆ ಇನ್ನೂ ವರ್ಷ ತುಂಬದ ಹದಿನೆಂಟು ಮಣಕಗಳನ್ನು ಮೂರು ಗುಂಪು ಮಾಡಿದಳು. ಹುಲ್ಲು ಎಲ್ಲಕ್ಕೂ ಒಂದೇ ಸಮ. ದಾಣಿ ಮಾತ್ರ ಕಡಿಮೆ ಗುಂಪಿಗೆ ಒಂದು ಕಿಲೋ, ನಡು ಗುಂಪಿಗೆ ಒಂದೂವರೆ, ಹೆಚ್ಚು ಗುಂಪಿಗೆ ಎರಡೂವರೆ.

"ಹೊಟ್ಟೆ ತುಂಬೋದು ಬೇರೆ ಅಕ್ಕ, ಮೈಗೆ ಹತ್ತೋದು ಬೇರೆ," ಎಂದು ಡಾಕ್ಟರಮ್ಮ ವಿವರಿಸಿದಳು. "ಹುಲ್ಲಲ್ಲಿ ಹೊಟ್ಟೆ ತುಂಬುತ್ತೆ. ದಾಣಿಯಲ್ಲಿ ಇರೋದು ಮೈಗೆ ಹತ್ತೋ ಶಕ್ತಿ. ಅದು ಹತ್ತು ಗ್ರಾಂ ಹೆಚ್ಚುಕಮ್ಮಿ ಆದ್ರೂ ನನ್ನ ಎರಡು ವರ್ಷದ ಓದು ನೀರಲ್ಲಿ ಹೋಮ."

"ಹತ್ತು ಗ್ರಾಮಾ?" ತೂಕದಕ್ಕನಿಗೆ ನಗು ಬಂತು. "ಹತ್ತು ಗ್ರಾಂ ಹೆಚ್ಚುಕಮ್ಮಿ ಮಾಡೋರು ಯಾರಾದ್ರೂ ಇದ್ರೆ ತೋರಿಸಿ, ನಾನೂ ನೋಡ್ತೀನಿ."

ಹನ್ನೆರಡು ನಿಯಮಗಳ ಹಾಳೆಯೊಂದನ್ನು ಡಾಕ್ಟರಮ್ಮ ಗೋಡೆಗೆ ಅಂಟಿಸಿದಳು. ತೂಕಕ್ಕೆ ಸಂಬಂಧಿಸಿದ ಆರನ್ನು ತೂಕದಕ್ಕ ಎರಡೆರಡು ಸಲ ಓದಿದಳು. ಉಳಿದ ಆರು ತನ್ನಂಥವಳಿಗಲ್ಲ, ಹೊಸಬರಿಗೆ ಎಂದು ಓದದೆ ಬಿಟ್ಟಳು.

ದಿನಚರಿ ಗಡಿಯಾರದ ಹಾಗೆ ಓಡತೊಡಗಿತು. ಬೆಳಿಗ್ಗೆ ಆರಕ್ಕೆ ತೂಗುವುದು. ಒಂಬತ್ತಕ್ಕೆ ಪ್ರತಿ ಮಣಕಕ್ಕೂ ಅದರದರ ಗೋದಲಿಯಲ್ಲಿ ದಾಣಿ ಸುರಿದು, ಕೈಬಕೆಟ್ಟಿನಿಂದ ನೀರು ಚಿಮುಕಿಸಿ ಕಲಸುವುದು. ಹನ್ನೆರಡಕ್ಕೆ ಕೆಲಸದವರು ಮೂರೂ ಗುಂಪನ್ನು ಹಿಂದಿನ ಬಯಲಿಗೆ ಬಿಡುವುದು. ಎರಡಕ್ಕೆ ಮೈ ತೊಳೆದು ಮತ್ತೆ ಕಟ್ಟುವುದು. ಹದಿನೈದು ದಿನಕ್ಕೊಮ್ಮೆ ಮುಂಜಾನೆ ಬರೀ ಹೊಟ್ಟೆಯಲ್ಲಿ ಮಣಕಗಳನ್ನೇ ತೂಗುವುದು.

ಮೊದಲ ತಿಂಗಳು ಡಾಕ್ಟರಮ್ಮ ಹಾಡು ಗುನುಗುತ್ತಿದ್ದಳು. ಎರಡನೆಯ ತಿಂಗಳು ಗುನುಗುವುದು ನಿಂತಿತು. ನಾಲ್ಕನೆಯ ತಿಂಗಳ ಕೊನೆಯ ತೂಕದ ದಿನ, ಕಡಿಮೆ ಗುಂಪಿನ ಹನ್ನೊಂದನೇ ನಂಬರಿನ ಮಣಕ ತೂಕದ ಯಂತ್ರದಿಂದ ಗುಡುಗುಡು ಇಳಿದು ಹೋದ ಮೇಲೆ, ಅವಳು ಅಂಕಿಗಳನ್ನು ಮೂರು ಸಲ ಕೂಡಿಸಿದಳು. ಕಡಿಮೆ ತಿಂದ ಗುಂಪು ದಿನಕ್ಕೆ ಐನೂರು ಗ್ರಾಂ ಬೆಳೆದಿತ್ತು. ಎರಡೂವರೆ ಪಟ್ಟು ತಿಂದ ಗುಂಪು ಐನೂರ ಮೂವತ್ತು. ಹೊಟ್ಟೆ ಬಿರಿಯ ತಿಂದದ್ದಕ್ಕೂ ಅರೆಹೊಟ್ಟೆ ಉಂಡದ್ದಕ್ಕೂ ಇದ್ದ ವ್ಯತ್ಯಾಸ ಒಂದು ಹಿಡಿ.

ಡಾಕ್ಟರಮ್ಮ ಮಣಕಗಳನ್ನು ನೋಡಿದಳು. ಅವು ಅವಳನ್ನು ನೋಡಿದವು. ಗುಟ್ಟು ಬಿಟ್ಟುಕೊಡುವ ಮುಖ ಎಮ್ಮೆಗಳಿಗೆ ದೇವರು ಕೊಟ್ಟಿಲ್ಲ.

ಹತ್ತು ಗಂಟೆಗೆ ದೊಡ್ಡ ಸಾಹೇಬರ ಕೋಣೆಯಿಂದ ಕರೆ ಬಂತು. ಕೇಂದ್ರದ ಮುಖ್ಯಸ್ಥರಾದ ಸಾಹೇಬರು ಎಮ್ಮೆಗಳ ನಡುವೆ ಇದ್ದೂ ಸದಾ ಬಿಳಿ ಅಂಗಿಯಲ್ಲೇ ಇರುವವರು. ಎಮ್ಮೆಗಳಿಗೂ ಅವರಿಗೂ ಮಧ್ಯೆ ಯಾವಾಗಲೂ ಎರಡು ಗೋಡೆಗಳಾದರೂ ಇರುತ್ತಿದ್ದವು.

"ನೋಡಮ್ಮ," ಎಂದರು ಸಾಹೇಬರು. "ನಿಮಗೆ ಆ ಕಡಿಮೆ ಗುಂಪಿನ ಮೇಲೆ ಕನಿಕರ ಬಂದಿರಬಹುದು. ಅವು ಕಣ್ಣು ಬಿಟ್ಟು ನೋಡ್ತಾವೆ, ತಾಯಿಕರುಳು, ಒಂದು ಹಿಡಿ ಜಾಸ್ತಿ ಹಾಕಿರ್ತೀರಿ. ಒಪ್ಕೊಂಡುಬಿಡಿ. ಯಾರೂ ಬೈಯಲ್ಲ."

ತೂಕದಕ್ಕನಿಗೆ ಕಳ್ಳಿ ಎಂದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಕದ್ದವರೂ ಅಳತೆ ತಪ್ಪದೆ ಕದಿಯಬಹುದು. ಇದು ಕೈಯ ಮೇಲೇ ಬಂದ ಮಾತು.

"ಕನಿಕರ ಬಂದ್ರೆ ಅಳ್ತೀನಿ ಸಾರ್. ದಾಣಿ ಹಾಕಲ್ಲ."

"ಹಾಗಾದ್ರೆ ಅವು ಗಾಳಿ ಕುಡಿದು ಬೆಳೆದವಾ?"

ಅವಳು ಡಾಕ್ಟರಮ್ಮನ ಕಡೆ ತಿರುಗಿದಳು. ಡಾಕ್ಟರಮ್ಮ ನೆಲ ನೋಡುತ್ತಿದ್ದಳು. ವಿಚಾರಣೆ ಮುಗಿಯುವವರೆಗೆ ದಾಣಿ ಕೋಣೆಯ ಬೀಗದ ಕೈ ಡಾಕ್ಟರಮ್ಮನ ಹತ್ತಿರ ಇರಲಿ, ತಪ್ಪು ಖಚಿತವಾದರೆ ತೂಕದಕ್ಕ ಮುಂದೆ ಗೇಟಿನಲ್ಲಿ ಕೂತು ಬಂದುಹೋಗುವವರ ಹೆಸರು ಬರೆದುಕೊಳ್ಳಲಿ ಎಂದು ಸಾಹೇಬರು ತೀರ್ಮಾನಿಸಿದರು. ಹೆಸರನ್ನು ತೂಗಲು ಬರುವುದಿಲ್ಲವಲ್ಲ ಎಂಬುದೊಂದೇ ಆ ಕ್ಷಣ ಅವಳ ತಲೆಗೆ ಹೊಳೆದದ್ದು.

ಹನ್ನೆರಡು ಗಂಟೆಯಾಯಿತು. ಆ ಹೊತ್ತಿಗೆ ಅವಳು ಬಾಗಿಲು ಹಾಕಿಕೊಂಡು ಮರುದಿನದ ಚೀಲಗಳಿಗೆ ಚೀಟಿ ಕಟ್ಟಿ, ಅಲ್ಲೇ ಊಟದ ಡಬ್ಬಿ ತೆರೆಯುವುದು ಪದ್ಧತಿ. ಇಂದು ಬಾಗಿಲಿಗೆ ಬೀಗ. ಎಲ್ಲರೂ ಊಟಕ್ಕೆ ಹೋಗಿದ್ದರು. ಯಾರ ಮುಖವನ್ನೂ ನೋಡಲು ಮನಸ್ಸಿಲ್ಲದೆ ಅವಳು ಡಬ್ಬಿ ಹಿಡಿದು ಹಿಂದಿನ ಬಯಲಿಗೆ ಹೋಗಿ ಮೋಟುಗೋಡೆಯ ಮೇಲೆ ಕೂತಳು. ಈ ಹೊತ್ತಿನಲ್ಲಿ ಅವಳು ಇಲ್ಲಿಗೆ ಬಂದದ್ದು ಇದೇ ಮೊದಲು.

ಬಯಲಿನಲ್ಲಿ ಮಣಕಗಳದ್ದೇ ರಾಜ್ಯ. ಹೆಚ್ಚು ಗುಂಪಿನವು ತಿಂದು ತೇಗಿ ಜಂಬದಿಂದ ನೆರಳು ಹಿಡಿದಿದ್ದವು. ಅವುಗಳ ಮುಂದಾಳು, ಕೆಲಸದವರು ಮಹಾರಾಣಿ ಎಂದು ಕರೆಯುತ್ತಿದ್ದ ದಪ್ಪ ಮಣಕ, ಕಣ್ಣು ಅರೆಮುಚ್ಚಿ ನಿಂತಿತ್ತು. ಕಡಿಮೆ ಗುಂಪಿನ ಹನ್ನೊಂದನೇ ನಂಬರು ಅದರ ಪಕ್ಕಕ್ಕೆ ಬಂದು ಬೆನ್ನು ನೆಕ್ಕತೊಡಗಿತು. ಇನ್ನೊಂದು ಬಂದು ಇನ್ನೊಂದರ ಬೆನ್ನು ನೆಕ್ಕಿತು. ನೋಡನೋಡುತ್ತ ಆರು ಬೆನ್ನಿಗೆ ಆರು ನಾಲಿಗೆ.

'ಎಷ್ಟು ಅನ್ಯೋನ್ಯವಾಗಿದಾವೆ, ಮನುಷ್ಯರಿಗಿಂತ ವಾಸಿ' ಎಂದು ಅವಳಿಗೆ ಕಣ್ಣು ತುಂಬಿ ಬಂತು. ಒರೆಸಿಕೊಂಡು ಮತ್ತೆ ನೋಡಿದಳು. ಕಡಿಮೆ ಗುಂಪಿನವೇ ಯಾಕೆ ನೆಕ್ಕಬೇಕು? ಹೆಚ್ಚು ಗುಂಪಿನವೇ ಯಾಕೆ ನೆಕ್ಕಿಸಿಕೊಳ್ಳಬೇಕು? ಪ್ರೀತಿ ಇಷ್ಟು ಒಮ್ಮುಖ ಇರುವುದು ಮದುವೆಗಳಲ್ಲಿ ಮಾತ್ರ. ಅವಳು ಗೋಡೆ ಇಳಿದು ಹತ್ತಿರ ಹೋಗಿ ಮಹಾರಾಣಿಯ ಬೆನ್ನ ಮೇಲೆ ಕೈಯಿಟ್ಟಳು. ಬೆರಳಿಗೆ ಗಟ್ಟಿ ಹಳದಿ ಹೆಪ್ಪು ಸಿಕ್ಕಿತು. ಮೂಸಿದಳು. ನಾಲಿಗೆಗೂ ಹಚ್ಚಿ ನೋಡಿದಳು. ಜೋಳದ ನುಚ್ಚು, ಹಿಂಡಿ, ತೌಡು. ಅವಳೇ ಬೆಳಿಗ್ಗೆ ತೂಗಿದ್ದು.

ನೊಣ ಓಡಿಸಲು ಎಮ್ಮೆಗಳು ಮೂತಿಗೆ ಸಿಕ್ಕಿದ್ದನ್ನು ಬೆನ್ನಿಗೆ ಎಸೆದುಕೊಳ್ಳುವುದು ಅವಳಿಗೆ ಗೊತ್ತಿಲ್ಲದ್ದಲ್ಲ. ಕಡಿಮೆ ಗುಂಪಿನವು ಹಾಗೆ ಎಸೆಯುವ ದುಂದುಗಾರಿಕೆ ಮಾಡುತ್ತಿರಲಿಲ್ಲ. ಗೋದಲಿಯ ತಳವನ್ನೂ ಕನ್ನಡಿ ಮಾಡಿ ಬಿಡುತ್ತಿದ್ದವು. ಹೊಟ್ಟೆ ತುಂಬಿದವು ಮಾತ್ರ ಉಳಿದದ್ದನ್ನು ಬೆನ್ನಿಗೆ ಎರಚಿಕೊಂಡು ಬಯಲಿಗೆ ಬರುತ್ತಿದ್ದವು. ಯಾರೂ ಗಮನಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ. ಎಮ್ಮೆಯ ಬೆನ್ನು ಕೊಳೆಯಾಗಿದೆ ಎಂದು ಯಾರು ತಾನೇ ವರದಿ ಮಾಡುತ್ತಾರೆ?

ಊಟದ ಡಬ್ಬಿಯನ್ನು ಗೋಡೆಯ ಮೇಲೇ ಮರೆತು ಅವಳು ಸಾಹೇಬರ ಕೋಣೆಗೆ ಓಡಿದಳು. ಅಷ್ಟರಲ್ಲಿ ಸಾಹೇಬರು ಯಾವುದೋ ಸಭೆಗೆ ಹೊರಟಿದ್ದರು. "ನಾಳೆ ಹನ್ನೆರಡಕ್ಕೆ ನಾನೇ ಬಂದು ನೋಡ್ತೀನಿ," ಎಂದು ಕಾರು ಹತ್ತಿದರು. ಡಾಕ್ಟರಮ್ಮ ಬಯಲಿಗೆ ಬರುವ ಹೊತ್ತಿಗೆ ಹನ್ನೊಂದನೇ ನಂಬರೂ ಅದರ ಸಂಗಡಿಗರೂ ಸಾಕ್ಷಿಯನ್ನು ಪೂರ್ತಿ ತಿಂದು ಮುಗಿಸಿದ್ದವು.

ಸಂಜೆ ಮನೆಯಲ್ಲಿ ಅವಳು ಎಲ್ಲವನ್ನೂ ಹೇಳಿಕೊಂಡಳು. ದರ್ಜಿ ಸೂಜಿ ಪಕ್ಕಕ್ಕಿಟ್ಟು ಎದ್ದು ನಿಂತ.

"ನಾಳೆ ನಾನೂ ಬರ್ತೀನಿ. ಸಾಕ್ಷಿ ಹೇಳ್ತೀನಿ."

"ನೀವೇನು ಸಾಕ್ಷಿ ಹೇಳ್ತೀರಿ? ನೀವು ಎಮ್ಮೆ ಕಂಡ್ರೆ ರಸ್ತೆ ದಾಟೋರು."

"ಹೇಳೋದೇನೂ ಬೇಡ. ಅಡ್ಡಕ್ಕೆ ತಿರುಗಿ ನಿಂತ್ಕೋತೀನಿ. ಇಪ್ಪತ್ತೆಂಟು ವರ್ಷ ಈ ಕೈ ಬಡಿಸಿದ್ದನ್ನ ತಿಂದಿರೋನು ನಾನು. ಕನಿಕರಕ್ಕೆ ಒಂದು ಹಿಡಿ ಜಾಸ್ತಿ ಹಾಕೋ ಕೈ ಆಗಿದ್ರೆ ನಾನು ಹೀಗಿರ್ತಿದ್ನಾ?"

ಎರಡು ದಿನದಷ್ಟು ಉದ್ದವಾಗಿದ್ದ ಆ ದಿನದ ಕೊನೆಗೆ ಅವಳಿಗೆ ಬಿಕ್ಕಿ ಬಿಕ್ಕಿ ನಗು ಬಂತು. ಆ ಹೊತ್ತು ಅವನ ತಟ್ಟೆಗೆ ಇನ್ನೊಂದು ಸೌಟು ಬೀಳಬಹುದಿತ್ತು. ಬೀಳಲಿಲ್ಲ.

ಮರುದಿನ ಹನ್ನೊಂದೂಮುಕ್ಕಾಲಿಗೇ ಎಲ್ಲರೂ ಬಯಲಿನಲ್ಲಿ ಸೇರಿದರು. ಸಾಹೇಬರು ಬಿಳಿ ಅಂಗಿಯಲ್ಲಿ, ಡಾಕ್ಟರಮ್ಮ ಬರೆಯುವ ಹಲಗೆಯೊಡನೆ, ದರ್ಜಿ ಗೋಡೆಯ ಆಚೆ ಸುರಕ್ಷಿತ ದೂರದಲ್ಲಿ. ಅವನು ಆಗಲೇ ಅಡ್ಡಕ್ಕೆ ತಿರುಗಿ ನಿಂತಿದ್ದ. ಬೆಳಿಗ್ಗೆ ದಾಣಿ ಹಾಕಿದವಳು ಡಾಕ್ಟರಮ್ಮ, ಅವಳೇ ತೂಗಿ, ಅವಳೇ ಸುರಿದು.

ಹದಿನೆಂಟು ಮಣಕಗಳನ್ನು ಬಿಟ್ಟರು. ತೂಕದಕ್ಕ ಮಹಾರಾಣಿಯ ಕಡೆ ಬೆರಳು ತೋರಿಸಿ, "ನೋಡಿ ಸಾರ್, ಆ ಬೆನ್ನು ನೋಡಿ" ಎಂದಳು.

ಎಲ್ಲರೂ ನೋಡಿದರು. ಮಹಾರಾಣಿಯ ಬೆನ್ನು ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ, ನುಣ್ಣಗೆ, ಸ್ವಚ್ಛವಾಗಿ ಹೊಳೆಯುತ್ತಿತ್ತು. ಉಳಿದ ಐದರದೂ ಹಾಗೇ. ಹನ್ನೊಂದನೇ ನಂಬರು ಪದ್ಧತಿಯಂತೆ ಬಂದು ಒಮ್ಮೆ ನೆಕ್ಕಿತು, ನಾಲಿಗೆ ಒಳಗೆಳೆದುಕೊಂಡಿತು, ಮೋಸಹೋದವರ ಹಾಗೆ ತೂಕದಕ್ಕನ ಮುಖ ನೋಡಿತು.

"ಎರಚಿಕೊಂಡಿದ್ದು ನಿಜ," ಎಂದಳು ಡಾಕ್ಟರಮ್ಮ ಮೆಲ್ಲಗೆ. "ನಾನೇ ನೋಡಿದೆ. ಆದ್ರೆ ಪುಡಿ ಜಾರಿ ಕೆಳಗೆ ಬಿತ್ತು. ಬೆನ್ನ ಮೇಲೆ ನಿಲ್ಲಲೇ ಇಲ್ಲ ಅಕ್ಕ."

ಸಾಹೇಬರು ಗಡಿಯಾರ ನೋಡಿಕೊಂಡರು. ಅದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿರಲಿಲ್ಲ.

ತೂಕದಕ್ಕ ತನ್ನ ಬೆರಳು ನೋಡಿಕೊಂಡಳು. ನಿನ್ನೆ ಈ ಬೆರಳಿಗೆ ಸಿಕ್ಕಿದ ಹೆಪ್ಪು ಸುಳ್ಳಲ್ಲ. ನಿನ್ನೆ ಅಂಟಿಕೊಂಡದ್ದು ಇವತ್ತು ಯಾಕೆ ಜಾರಿತು? ನಿನ್ನೆ ಗೋದಲಿಗೆ ಸುರಿದವಳು ತಾನು, ಇವತ್ತು ಡಾಕ್ಟರಮ್ಮ. ದಾಣಿ ಅದೇ, ತೂಕ ಅದೇ, ಎಮ್ಮೆ ಅದೇ. ತಾನು ಮಾಡಿ ಅವಳು ಮಾಡದೆ ಬಿಟ್ಟದ್ದು ಏನು? ಉತ್ತರ ಹೊಳೆದಾಗ ಗೋಡೆಯ ಹಾಳೆಯಲ್ಲಿ ತನಗಲ್ಲವೆಂದು ಬಿಟ್ಟ ಆರು ನಿಯಮಗಳು ಅವಳಿಗೆ ನೆನಪಾದವು.

"ಡಾಕ್ಟರಮ್ಮ, ಆ ಹಾಳೆಯಲ್ಲಿ ನೀರಿನ ವಿಷಯ ಏನಾದ್ರೂ ಇದೆಯಾ?"

"ಒಂಬತ್ತನೇದು. ದಾಣಿ ಒಣದಾಗೇ ಕೊಡಬೇಕು ಅಂತ. ಯಾಕೆ?"

ಈಗ ಸುಮ್ಮನಿದ್ದರೆ ಅವಳು ಕನಿಕರಕ್ಕೆ ಕೈ ಸಡಿಲಿಸಿದವಳು. ಬಾಯಿಬಿಟ್ಟರೆ ನಿಯಮ ಮುರಿದವಳು. ಎರಡು ದಾರಿಯ ಕೊನೆಗೂ ಗೇಟಿನ ಕೆಲಸ ಕಾದೇ ಇತ್ತು. ಆದರೆ ಮೊದಲನೆಯದು ಸುಳ್ಳು, ಎರಡನೆಯದು ನಿಜ. ಇಷ್ಟು ವರ್ಷ ಎರಡು ಗ್ರಾಂ ಸುಳ್ಳನ್ನೂ ಚಿಟಿಕೆಯಲ್ಲಿ ತೆಗೆದವಳಿಗೆ ಇಷ್ಟು ದೊಡ್ಡದನ್ನು ಹೊತ್ತು ನಿಲ್ಲುವ ಅಭ್ಯಾಸವಿರಲಿಲ್ಲ.

"ನಾನು ನೀರು ಚಿಮುಕಿಸಿ ಕಲಸ್ತಿದ್ದೆ," ಎಂದಳು. "ಪುಡಿ ಮೂಗಿಗೆ ಹೋಗಿ ಕೆಮ್ಮಬಾರದು ಅಂತ. ಮೊದಲಿಂದ ಹಾಗೇ. ತೂಗಿ ಆದಮೇಲೆ ಹಾಕೋ ನೀರಲ್ವಾ, ತೂಕಕ್ಕೆ ಬರಲ್ಲ ಅಂದ್ಕೊಂಡೆ."

ಡಾಕ್ಟರಮ್ಮನ ಲೇಖನಿ ನಿಂತಿತು. "ಎಷ್ಟು ನೀರು?"

ತೂಕದಕ್ಕ ಬಾಯಿ ತೆರೆದಳು. ಯಾವ ಅಂಕಿಯೂ ಬರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವಳ ಬಳಿ ಅಂಕಿಯಿಲ್ಲದ ಪ್ರಶ್ನೆ ಅದೊಂದೇ.

"ಅದನ್ನ ತೂಗಿಲ್ಲ," ಎಂದಳು.

ಗೋಡೆಯ ಆಚೆ ದರ್ಜಿ ಅಡ್ಡಕ್ಕೆ ನಿಂತದ್ದನ್ನು ಬಿಟ್ಟು ನೇರಕ್ಕೆ ತಿರುಗಿದ.

"ಮಾತು ಬೇಡ," ಎಂದರು ಸಾಹೇಬರು. "ಮಾಡಿ ತೋರಿಸಿ."

ದಾಣಿ ಬಂತು, ನೀರು ಬಂತು. ತೂಕದಕ್ಕ ಬಯಲಿನ ಅಂಚಿನ ಗೋದಲಿಯಲ್ಲಿ ತನ್ನ ಪದ್ಧತಿಯಂತೆ ಕಲಸಿದಳು. ಸರಿಯಾಗಿ ಕಾಣಲೆಂದು ಸಾಹೇಬರು ಮೊದಲ ಬಾರಿಗೆ ಎರಡು ಗೋಡೆಗಳನ್ನೂ ದಾಟಿ ಮಹಾರಾಣಿಯ ಪಕ್ಕಕ್ಕೇ ಬಂದು ಬಗ್ಗಿದರು. ಬೆಳಿಗ್ಗೆ ಹೊಟ್ಟೆ ತುಂಬಿದ್ದ ಮಹಾರಾಣಿ ನಾಲ್ಕು ಬಾಯಿ ತಿಂದು, ಒಂದು ನೊಣ ಬೆನ್ನ ಮೇಲೆ ಕೂತೊಡನೆ, ಮೂತಿಯ ತುಂಬ ಬಾಚಿಕೊಂಡು ತಲೆ ಎತ್ತಿ ಬೀಸಿತು. ಅರ್ಧ ಅದರ ಬೆನ್ನಿಗೆ ಬಿತ್ತು. ಉಳಿದರ್ಧ ಸಾಹೇಬರ ಎಡ ಹೆಗಲಿನಿಂದ ಸೊಂಟದವರೆಗೆ ಗೋಡೆಗೆ ಗಾರೆ ಬಳಿದ ಹಾಗೆ ಕೂತಿತು.

ಯಾರೂ ಹತ್ತಿರ ಹೋಗಲಿಲ್ಲ. ಹನ್ನೊಂದನೇ ನಂಬರು ಮಾತ್ರ ಬಯಲಿನ ಆ ತುದಿಯಿಂದ ಓಡುತ್ತ ಬಂದು ಮಹಾರಾಣಿಯ ಬೆನ್ನನ್ನು ಗುಡಿಸಿ ಹಾಕಿತು. ಆಮೇಲೆ ಸುತ್ತ ನೋಡಿ, ಸಾಹೇಬರ ಹಿಂದೆ ಬಂದು ನಿಂತು, ಸೊಂಟದಿಂದ ಹೆಗಲಿನವರೆಗೆ ಉದ್ದಕ್ಕೆ ಒಂದು ಸಲ ನೆಕ್ಕಿತು. ತುರಿಮಣೆಯಂಥ ನಾಲಿಗೆ. ಸಾಹೇಬರು ತುದಿಗಾಲಲ್ಲಿ ನಿಂತರು.

"ಇದು ಯಾವ ಗುಂಪಿನದು?" ಎಂದರು ಅಲುಗಾಡದೆ.

"ಕಡಿಮೆ ಗುಂಪು ಸಾರ್," ಎಂದಳು ಡಾಕ್ಟರಮ್ಮ.

"ಸರಿ. ಬರ್ಕೊಳ್ಳಿ. ಆಮೇಲೆ ಯಾರಾದ್ರೂ ಇದನ್ನ ಹಿಡ್ಕೊಳ್ಳಿ."

ಡಾಕ್ಟರಮ್ಮ ಬರೆದುಕೊಳ್ಳುತ್ತಲೇ ನಗಲು ಶುರುಮಾಡಿದಳು. ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಗುತ್ತ ನಗುತ್ತ ಗೋಡೆಗೊರಗಿ ಕೂತು, ಕೂತಲ್ಲೇ ಅಳತೊಡಗಿದಳು. ನಾಲ್ಕು ತಿಂಗಳು. ಎಂಟು ಸಲ ತೂಗಿದ ಹದಿನೆಂಟು ಮಣಕ. ಎಲ್ಲವನ್ನೂ ಎತ್ತಿ ಬಿಸಾಡಬೇಕು.

ತೂಕದಕ್ಕ ಅವಳ ಪಕ್ಕ ಕೂತಳು. ಗೆದ್ದ ಸಂತೋಷ ಎಲ್ಲೂ ಇರಲಿಲ್ಲ. ತನ್ನ ಕೈ ಕಳ್ಳಕೈಯಲ್ಲ ಎಂದು ತೋರಿಸಿಕೊಳ್ಳುವಾಗ, ಆ ಕೈಯೇ ಈ ಹುಡುಗಿಯ ನಾಲ್ಕು ತಿಂಗಳನ್ನು ನೀರಿಗೆ ಹಾಕಿದೆ ಎಂಬುದೂ ಜೊತೆಗೇ ರುಜುವಾಗಿತ್ತು.

"ತಪ್ಪು ನಂದೇ ಡಾಕ್ಟರಮ್ಮ. ಹೊಟ್ಟೆಗೆ ಹಾಕ್ಕೊಳ್ಳಿ ಅನ್ನೋಕೂ ಬಾಯಿ ಬರ್ತಿಲ್ಲ."

"ನಾನೂ ನಿಮ್ಮನ್ನ ಅನುಮಾನಿಸಿದೆನಲ್ಲ ಅಕ್ಕ." ಡಾಕ್ಟರಮ್ಮ ಮೂಗು ಒರೆಸಿಕೊಂಡಳು. "ವರದಿಯಲ್ಲಿ ಪ್ರಾಣಿಗಳ ಸ್ವಭಾವದಿಂದ ಅಂತ ಬರೀತೀನಿ. ನಿಮ್ಮ ಹೆಸರು ಬೇಡ."

"ಪ್ರಾಣಿಗಳು ಏನು ಮಾಡಿದ್ವು ಪಾಪ? ನೀರು ಹಾಕಿದ್ದು ನಾನು. ನಾನು ಅಂತಲೇ ಬರೀರಿ."

ಡಾಕ್ಟರಮ್ಮ ಹಾಗೇ ಬರೆದಳು. ಸಾಹೇಬರು ಅದನ್ನು ಓದಿ, ಬೇರೆ ಅಂಗಿ ತೊಟ್ಟು ಬಂದು, ದಾಣಿ ಕೋಣೆಯ ಬೀಗದ ಕೈಯನ್ನು ತೂಕದಕ್ಕನಿಗೆ ಕೊಡಿಸಿದರು. ಗೇಟಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಹಾಳಾದ ಅಂಗಿಗೆ ದರ್ಜಿ ಬದಲಿ ಅಂಗಿ ಹೊಲಿದುಕೊಟ್ಟ. ಸಾಹೇಬರ ಸುತ್ತಳತೆ ತೆಗೆಯುವಾಗ ಅವನು ಬಿಟ್ಟ ನಿಟ್ಟುಸಿರು ಹೊರಗಿನವರಿಗೂ ಕೇಳಿಸಿತಂತೆ.

ತಿಂಗಳು ಕಳೆದು ಹೊಸ ಹದಿನೆಂಟು ಮಣಕಗಳು ಬಂದವು. ಪ್ರಯೋಗ ಮೊದಲಿನಿಂದ. ಮೊದಲ ದಿನ ಬೆಳಿಗ್ಗೆ ಆರಕ್ಕೆ ಡಾಕ್ಟರಮ್ಮನ ಫೋನು ಬಡಿದುಕೊಂಡಿತು.

"ಡಾಕ್ಟರಮ್ಮ, ತಕ್ಷಣ ಬನ್ನಿ."

ಅವಳು ಕೆದರಿದ ತಲೆಯಲ್ಲೇ, ಚಪ್ಪಲಿ ಎಡಬಲ ಮಾಡಿ ಮೆಟ್ಟಿ ಓಡಿಬಂದಳು. ದಾಣಿ ಕೋಣೆಯಲ್ಲಿ ಏನೂ ಆಗಿರಲಿಲ್ಲ. ಮೊದಲ ಚೀಲ ಯಂತ್ರದ ಮೇಲಿತ್ತು. ತೂಕದಕ್ಕ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು.

"ಏನಾಯ್ತು ಅಕ್ಕ?"

"ಏನೂ ಆಗಿಲ್ಲ. ತೂಗಿದೀನಿ. ನೋಡಿ."

"ಅಯ್ಯೋ, ಇದಕ್ಕೆ ನಾನ್ಯಾಕೆ? ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ."

"ಅದೇ ಬೇಡ ಅಂತಿರೋದು," ಎಂದಳು ತೂಕದಕ್ಕ. "ಇಪ್ಪತ್ತಾರು ವರ್ಷ ಎಲ್ರೂ ನಂಬಿದ್ರು. ಎಲ್ರಿಗಿಂತ ಜಾಸ್ತಿ ನಾನೇ ನಂಬಿದ್ದೆ. ನಂಬ್ತಾ ನಂಬ್ತಾ ಯಾರೂ ನೋಡ್ಲೇ ಇಲ್ಲ. ನೀವು ನೋಡಿ."

ಡಾಕ್ಟರಮ್ಮ ಕಣ್ಣುಜ್ಜಿಕೊಂಡು ನಿಂತಲ್ಲಿಂದಲೇ ಇಣುಕಿ, "ಒಂದು ಕಿಲೋ" ಎಂದಳು.

"ಬಗ್ಗಿ ನೋಡಿ."

ಅವಳು ಬಗ್ಗಿದಳು, ಅಂಕಿಯನ್ನು ಒಂದೊಂದಾಗಿ ಓದಿ ಹೇಳಿದಳು, ಪುಸ್ತಕದಲ್ಲಿ ಬರೆದು ಸಹಿ ಮಾಡಿದಳು. ತೂಕದಕ್ಕ ಅದರ ಪಕ್ಕದಲ್ಲಿ ತನ್ನ ಸಹಿ ಹಾಕಿದಳು. ಆಮೇಲೆ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು, ಸೆರಗಿನಿಂದ ಒರೆಸಿ, ಡಾಕ್ಟರಮ್ಮನ ಮುಂದಿಟ್ಟಳು.

"ಕೂತ್ಕೊಳ್ಳಿ," ಎಂದಳು. "ಇನ್ನೂ ಹದಿನೇಳು ಇದಾವೆ."